ಅತ್ತೆಯ ಪಾಲಿನ ಬಿಸಿಲು

ನನ್ನ ಸೋದರತ್ತೆಯ ಮನೆಯಲ್ಲಿ ಅಡುಗೆಗಿದ್ದವನು ಸಾಕ್ಷಾತ್ ಸೂರ್ಯ! ನಂಬುವುದಿಲ್ಲವೇ? ಅವರ ಮನೆಗೆ ಒಂದು ದಿನ ಊಟಕ್ಕೆ ಹೋಗಿದ್ದರೆ ನಂಬುತ್ತಿದ್ದಿರಿ. ಮೋಡ ಕವಿದರೆ ಭಟ್ಟರಿಗೆ ರಜೆ, ನಿಮಗೆ ಅವಲಕ್ಕಿ.

ತೊಂಬತ್ತರ ದಶಕದಲ್ಲಿ ರಿಯಾಯಿತಿ ದರಕ್ಕೆ ಸೋಲಾರ್ ಕುಕ್ಕರ್ ಸಿಗುತ್ತಿತ್ತು. ಸೂಟ್‌ಕೇಸಿನಂಥ ಪೆಟ್ಟಿಗೆ, ಮುಚ್ಚಳಕ್ಕೊಂದು ಕನ್ನಡಿ, ಒಳಗೆ ಕಪ್ಪು ಡಬ್ಬಿಗಳು. ಕೊಂಡವರೆಲ್ಲ ನಾಲ್ಕು ದಿನ ಬೇಳೆ ಬೇಯಿಸಿ, ಆಮೇಲೆ ಅದರಲ್ಲಿ ಹಳೇ ಬಟ್ಟೆ ತುಂಬಿಟ್ಟರು. ಅತ್ತೆ ಮಾತ್ರ ಬಿಡಲಿಲ್ಲ. ಸೌದೆ ಒಲೆ ಊದಿ ಊದಿ ಹರೆಯದಲ್ಲೇ ಕೆಮ್ಮು ಹತ್ತಿಸಿಕೊಂಡವರು. ಗ್ಯಾಸ್ ಬಂದ ಮೇಲೂ ಅವರ ಪ್ರೀತಿಯೆಲ್ಲ ಆ ಪೆಟ್ಟಿಗೆಯ ಮೇಲೆಯೇ. ಅಗ್ರಹಾರದ ಇಕ್ಕಟ್ಟು ಓಣಿಯಲ್ಲಿ ಬಿಸಿಲೆಲ್ಲಿ ಬೀಳುತ್ತದೆ? ತಾರಸಿ ಹತ್ತಿ, ಬಿಸಿಲು ಸರಿದಂತೆ ಪೆಟ್ಟಿಗೆ ತಿರುಗಿಸುತ್ತಾ, ಕನ್ನಡಿ ನೋಡಿಕೊಳ್ಳಲು ಬರುವ ಕಾಗೆಗಳನ್ನು ಓಡಿಸುತ್ತಾ ಕೂರುವರು.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ಮೋಡ! "ಇನ್ನೊಂದು ಗಳಿಗೆ ಕೂತ್ಕೊಳಿ, ಮೋಡ ಸರೀತಾ ಇದೆ" ಎಂದು ಅತ್ತೆ ತಾರಸಿಯಿಂದಲೇ ಕೂಗಿದರು. ಹಸಿದ ಬೀಗರಿಗೆ ಮಾತಾಡಲು ಬೇರೇನೂ ಉಳಿಯದೆ, ಬೇಳೆ ಬೇಯುವುದರೊಳಗೆ ಮದುವೆಯೇ ನಿಶ್ಚಯವಾಗಿಹೋಯಿತು.

ರೇಡಿಯೋದಲ್ಲಿ ಹವಾಮಾನ ಸಮ್ಮೇಳನದ ಸುದ್ದಿ ಬಂದರಂತೂ ಅತ್ತೆಗೆ ಮೈಯೆಲ್ಲ ಕಿವಿ. ಬಡ ದೇಶಗಳೂ ಹೊಗೆ ಕಡಿಮೆ ಮಾಡಬೇಕೆಂದು ಶ್ರೀಮಂತ ದೇಶಗಳು ಪಟ್ಟು ಹಿಡಿದಿವೆ ಎಂದು ಕೇಳಿದ ದಿನ ರೇಗಿಬಿಟ್ಟರು.

"ನೋಡೋ, ಮೊದಲ ಪಂಕ್ತೀಲಿ ಕೂತು ಹೋಳಿಗೆಯೆಲ್ಲ ಇವರೇ ತಿಂದ್ಬುಟ್ರು. ಈಗ ಕೊನೇ ಪಂಕ್ತಿಯೋರಿಗೆ ಮಿತವಾಗಿ ಉಣ್ಣಿ, ಆರೋಗ್ಯಕ್ಕೆ ಒಳ್ಳೇದು ಅಂತಾರಲ್ಲ, ನಾಚಿಕೆ ಬೇಡ್ವೇನೋ?"

"ಅವರಿಗೆ ಯಾರು ಹೇಳೋದು ಅತ್ತೆ?"

"ನನ್ನ ಕಳಿಸು, ಹೇಳಿ ಬರ್ತೀನಿ."

ಯಾರೂ ಕಳಿಸಲಿಲ್ಲ. ಲೋಕಕ್ಕೇ ನಷ್ಟ!

ಎರಡು ಸಾವಿರ ಇಸವಿ ದಾಟಿದ ಮೇಲೆ ಕಷ್ಟ ಬಂತು. ಪಕ್ಕದ ಹೆಂಚಿನ ಮನೆಯ ಟೈಲರಮ್ಮ, ರವಿಕೆ ಹೊಲಿದೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವರು, ಹೆಂಚು ಇಳಿಸಿ ಎರಡು ಮಹಡಿ ಕಟ್ಟಿಸಲು ಹೊರಟರು. ಆ ಗೋಡೆ ಎದ್ದರೆ ಅತ್ತೆಯ ತಾರಸಿಗೆ ಬಿಸಿಲೇ ಇಲ್ಲ. ನನಗೆ ರಕ್ತ ಕುದಿಯಿತು. ನಗರಪಾಲಿಕೆಗೆ ದೂರು ಕೊಡೋಣ ಎಂದೆ.

"ಸುಮ್ನಿರೋ. ನಾವು ಮಹಡಿ ಎಬ್ಬಿಸಿದಾಗ ಅವಳ ಅತ್ತೆ ಅಂಗಳದಲ್ಲಿ ಹಪ್ಪಳ ಒಣಗಿಸ್ತಿದ್ರು. ಅವರ ಬಿಸಿಲು ತಿಂದೋರು ನಾವೇ ಕಣೋ. ಒಂದು ಮಾತು ಅನ್ಲಿಲ್ಲ ಅವರು. ಈಗ ಅವಳ ಪಂಕ್ತಿ, ಕೂತು ಉಣ್ಲಿ ಬುಡು."

ಹಾಗೆಂದವರು ಪೆಟ್ಟಿಗೆಯನ್ನು ಚೆನ್ನಾಗಿ ಒರೆಸಿ, ಹಳೇ ಸೀರೆ ಸುತ್ತಿ ಅಟ್ಟಕ್ಕೆ ಹಾಕಿಸಿದರು. ಆಮೇಲೆ ರೇಡಿಯೋವನ್ನೂ ಹಾಕಲಿಲ್ಲ. ಅತ್ತೆಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗತೊಡಗಿತು.

ಗೃಹಪ್ರವೇಶ ಮುಗಿದ ಮಾರನೆಯ ಬೆಳಿಗ್ಗೆ ಟೈಲರಮ್ಮ ಬಂದರು. "ಪೆಟ್ಟಿಗೆ ಎಲ್ಲಮ್ಮ? ಕೊಡಿ. ನಮ್ಮ ಹೊಸ ತಾರಸೀಲಿ ಸಂಜೆಗಂಟ ಬಿಸಿಲು."

"ಅಷ್ಟು ಮೆಟ್ಟಿಲು ಹತ್ತಕ್ಕೆ ನನ್ನ ಕೈಲಾಗಲ್ಲ ಕಣಮ್ಮ."

"ನೀವ್ಯಾಕೆ ಹತ್ತಬೇಕು? ಹೊಲಿಗೆ ಮಧ್ಯೆ ಎದ್ದು ನಾನೇ ತಿರುಗಿಸ್ತೀನಿ."

ಮಧ್ಯಾಹ್ನ ಡಬ್ಬಿಗಳು ಬಿಸಿಬಿಸಿಯಾಗಿ ಕೆಳಗೆ ಬಂದವು. ಅತ್ತೆ ಮೊದಲ ಪಂಕ್ತಿಗೆ ಟೈಲರಮ್ಮನನ್ನೇ ಕೂರಿಸಿದರು. ಹೊಗೆಯೇ ಇಲ್ಲದ ಆ ಅಡುಗೆ ಬಡಿಸುವಷ್ಟು ಹೊತ್ತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.