ಹಗ್ಗವಿಲ್ಲದೆ ಬಂದ ಕಾಂಟೆಸ್ಸಾ

ಬೇಕಾದದ್ದನ್ನು ಬಯಸುವುದಕ್ಕೆ ಆಸೆ ಎಂದು ಯಾಕೆ ಹೆಸರಿಟ್ಟರೋ ನನಗೆ ಗೊತ್ತಿಲ್ಲ. ಅದು ಸಂತೆಯ ಚೀಟಿ. ಉಪ್ಪು, ಎಣ್ಣೆ, ಮಕ್ಕಳ ನೋಟುಬುಕ್ಕು. ನಿಜವಾದ ಆಸೆ ಹುಟ್ಟುವುದು ನಮಗೆ ಯಾವ ರೀತಿಯಿಂದಲೂ ಬೇಕಾಗಿಲ್ಲದ ವಸ್ತುವಿನ ಮೇಲೆ. "ಆಸಿಗೆ ಹಲ್ಲಿಲ್ಲ, ಆದ್ರೂ ಅಗಿಯೂದು ಬಿಡಂಗಿಲ್ಲ" ಎಂದು ನನ್ನ ಅಜ್ಜಿ ಬೊಚ್ಚುಬಾಯಿಗೆ ಕುಟ್ಟಿದ ಎಲೆಅಡಿಕೆ ಹಾಕಿಕೊಳ್ಳುತ್ತ ಹೇಳುತ್ತಿದ್ದಳು. ನಾನು ಮಾತು ಕಲಿತದ್ದೇ ಅವಳ ಮಗ್ಗುಲಲ್ಲಿ ಕೂತು. ಬುದ್ಧಿಯನ್ನೂ ಅಲ್ಲೇ ಕಲಿಯಬಹುದಿತ್ತು. ಮಾತು ಹಗುರ, ಎತ್ತಿಕೊಂಡೆ, ಬುದ್ಧಿಯನ್ನು ಅಲ್ಲೇ ಬಿಟ್ಟು ಬಂದೆ. ಇಲ್ಲದಿದ್ದರೆ ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಮನೆಯಿಂದ ಅಂಗಡಿಗೆ ಸರಿಯಾಗಿ ಮುನ್ನೂರು ಹೆಜ್ಜೆ ನಡೆಯುವ ನನ್ನಂಥವನು ಹತ್ತು ವರ್ಷ ಒಂದು ಕಾರಿನ ಕನಸು ಕಾಣುತ್ತಿದ್ದನೆ? ಅದೂ ಅಂಥಿಂಥ ಕಾರಲ್ಲ, ಕಾಂಟೆಸ್ಸಾ.

ಆ ಕನಸು ನನಗೆ ಅಂಟಿದ್ದು ಕಾನಹೊಸಹಳ್ಳಿಯಲ್ಲಿ. ಆಗಿನ್ನೂ ಮದುವೆಯಾಗಿರಲಿಲ್ಲ. ಸೀರೆಗಳ ಗಂಟನ್ನು ಕಾಲ ಬಳಿ ಇಟ್ಟುಕೊಂಡು, ಏಪ್ರಿಲ್ ತಿಂಗಳ ಮಧ್ಯಾಹ್ನ, ಹೈವೇ ಪಕ್ಕ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೆ. ಡಾಂಬರಿನ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ಅದರೊಳಗಿಂದಲೇ ಎದ್ದು ಬಂದಂತೆ ಒಂದು ಕಾರು ಬಂತು. ಬದನೆಕಾಯಿ ಬಣ್ಣ, ಉದ್ದನೆಯ ಮೂತಿ, ನಾಲ್ಕು ಕಣ್ಣು. ಬಂದ ವೇಗಕ್ಕೆ ಸಪ್ಪಳವೇ ಇರಲಿಲ್ಲ. ನನ್ನ ಮುಂದೆಯೇ ನಿಂತಿತು. ಗಾಜು ಮೆಲ್ಲಗೆ ಕೆಳಗಿಳಿಯಿತು. ಒಳಗಿದ್ದವರು ಚಿತ್ರದುರ್ಗಕ್ಕೆ ಇದೇ ದಾರಿಯೇ ಎಂದು ಕೇಳಿದರು. ಅವರ ಮಾತಿನ ಜೊತೆಗೆ ಒಂದು ತಂಪು ಗಾಳಿ ಹೊರಗೆ ಬಂದು ನನ್ನ ಮುಖ ಸವರಿತು. ಅಮಾವಾಸ್ಯೆಯ ಬಾವಿಯೊಳಗೆ ಬಗ್ಗಿ ನೋಡಿದರೆ ಬರುವಂಥ ತಂಪು. ನಾನು ಬಾಯಿ ತೆರೆದು ನಿಂತೆ, ಕೈ ಮಾತ್ರ ಯಾವುದೋ ದಿಕ್ಕು ತೋರಿಸಿತು. ಕಾರು ಹೊರಟುಹೋಯಿತು. ಆಮೇಲೆ ಯೋಚಿಸಿದರೆ ಅದು ಹೊಸಪೇಟೆ ದಿಕ್ಕು. ಆ ಮಹನೀಯರು ಎಲ್ಲಿಗೆ ಹೋಗಿ ಮುಟ್ಟಿದರೋ, ನಾನಂತೂ ಹತ್ತು ವರ್ಷ ಅಲ್ಲೇ ನಿಂತಿದ್ದೆ.

ಬಟ್ಟೆ ವ್ಯಾಪಾರಿಯ ಕನಸಿಗೂ ಅಳತೆ ಇರುತ್ತದೆ. ಯಾರನ್ನೋ ಕೇಳಿ ಕಾರಿನ ಉದ್ದ ತಿಳಿದುಕೊಂಡೆ. ಸೀರೆಗಿಂತ ಎರಡು ಮೊಳ ಕಡಿಮೆ. ಅಂದಿನಿಂದ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಸಿದಾಗಲೆಲ್ಲ, ಸೆರಗಿನಿಂದ ಎರಡು ಮೊಳ ಹಿಂದಕ್ಕೆ ನನ್ನ ಕಣ್ಣು ತಾನೇ ಹೋಗಿ ನಿಲ್ಲುತ್ತಿತ್ತು: ಇಲ್ಲಿ ಮೂತಿ, ಇಲ್ಲಿ ಡಿಕ್ಕಿ, ಇಲ್ಲಿ ನಾನು. ಮದುವೆಯಾದ ಮೇಲೆ ಈ ವಿಷಯವನ್ನು ಹೆಂಡತಿ ಗಿರಿಜಾಳಿಗೆ ಒಪ್ಪಿಸಿದೆ. ಅವಳು ಅಕ್ಕಿ ಆರಿಸುತ್ತಲೇ, "ಮುನ್ನೂರು ಹೆಜ್ಜಿಗೆ ಅಷ್ಟುದ್ದ ಕಾರು ತಗಂಡ್ರ, ಮೂತಿ ಅಂಗಡ್ಯಾಗ ಇರತೈತಿ, ಬಾಲ ಮನ್ಯಾಗ. ನಡುವ ಬಾಗಿಲ ತಗದು ನಡಕೊಂತ ಹೋಗ್ರಿ" ಅಂದಳು.

ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಶಕ್ತಿ ಕೂಡಿಬರುವ ಹೊತ್ತಿಗೆ ಆ ಕಾರು ತಯಾರಾಗುವುದೇ ನಿಂತಿತು. ಹೊಸ ಶತಮಾನ ಹುಟ್ಟಿ ಎರಡೋ ಮೂರೋ ವರ್ಷ. ನಮ್ಮೂರ ಮೆಕ್ಯಾನಿಕ್ ಖಾಜಾಸಾಬ, ತನ್ನ ಹಳೆಯ ಟೆಂಪೋದಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಗುರು, "ಸಾವಕಾರ್ರ, ಫಿಕರ್ ಮಾಡಬ್ಯಾಡ್ರಿ, ಚಲೋತ್ನಾಗ ಇಟ್ಟಿರೋ ಹಳೇದ ಹುಡುಕೂಣು" ಎಂದ. ಹುಡುಕಿದೆವು. ಹಡಗಲಿಯಲ್ಲಿ ಒಂದು ಸಿಕ್ಕಿತು. ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. "ಮರಿ ಆಗೂತನಕ ತಡೀರಿ" ಎಂದರು ಮನೆಯವರು. ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಂದು, ಅದರ ಬಾಗಿಲು ಮುಚ್ಚಿದರೆ ಡಿಕ್ಕಿ ತೆರೆಯುತ್ತಿತ್ತು, ಡಿಕ್ಕಿ ಮುಚ್ಚಿದರೆ ಬಾಗಿಲು. ಒಂದು ಸಂಜೆ ಖಾಜಾಸಾಬ ಅಂಗಡಿಗೆ ಓಡಿಬಂದು, ಗಿರಾಕಿಗಳು ಇದ್ದಾರೆನ್ನುವುದನ್ನೂ ನೋಡದೆ, "ಸಿಕ್ಕೈತ್ರಿ! ಬಾಗಳಿ ಹತ್ರ ಒಂದ್ ಹಳ್ಳ್ಯಾಗ. ಹಾಲಪ್ಪಜ್ಜ ಅಂತ, ಎತ್ತಿನ ವ್ಯಾಪಾರದಾಗ ಹೆಸರು ಮಾಡಿದಾಂವ. ಲಾರಿಯವ್ರು ಹೇಳಿದ್ರು, ಮದುಮಗನ್ನ ಇಟ್ಟಂಗ ಇಟ್ಟಾನಂತ" ಎಂದ. ನಾನು ಅಳೆಯುತ್ತಿದ್ದ ಕುಬಸದ ಕಣದ ಬಟ್ಟೆಯನ್ನು ಒಂದು ಗೇಣು ಹೆಚ್ಚು ಕತ್ತರಿಸಿಬಿಟ್ಟೆ.

ಹಾಲಪ್ಪಜ್ಜನ ಮನೆಗೆ ಹೋದರೆ ಅಂಗಳದಲ್ಲಿ ಕಾರಿನ ಸುಳಿವೇ ಇಲ್ಲ. ಕಿವಿಯಲ್ಲಿ ಬಂಗಾರದ ಒಂಟಿ, ಹೆಗಲ ಮೇಲೆ ಕಂಬಳಿ ಹಾಕಿದ್ದ ಅಜ್ಜ ನಮ್ಮನ್ನು ನೇರ ದನದ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ಎರಡು ಬಿಳಿ ಎತ್ತು ಮೇವು ಅಗಿಯುತ್ತ ನಿಂತಿದ್ದವು. ಅವುಗಳ ನಡುವೆ, ಮೂರು ಕರಿ ಕಂಬಳಿ ಹೊದ್ದುಕೊಂಡು ಮೂರನೆಯದು. ಅಜ್ಜ ಕಂಬಳಿ ಒಂದೊಂದಾಗಿ ಸರಿಸಿದ. ಹಾಲುಬಿಳಿ ಕಾಂಟೆಸ್ಸಾ. ನನ್ನ ಕನಸು ಬದನೆ ಬಣ್ಣದ್ದು, ನಿಜ. ಆದರೆ ಕನಸಿನ ಬಣ್ಣಕ್ಕೆ ಗ್ಯಾರಂಟಿ ಕೊಡಲಾಗದು. ನನ್ನ ಅಂಗಡಿಯ ಬಟ್ಟೆಗೇ ನಾನು ಕೊಡುವುದಿಲ್ಲ. ಖಾಜಾಸಾಬ ಬಾನೆಟ್ ಎತ್ತಿದ, ಕೆಳಗೆ ನುಗ್ಗಿದ, ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟ. ಕೊನೆಗೆ ನನ್ನ ಬಳಿ ಬಂದು ಪಿಸುಗುಟ್ಟಿದ: "ಯಾ ಅಲ್ಲಾ, ಸಾವಕಾರ್ರ! ಈ ಗಾಡಿ ಬಾಣ ಹೋದಂಗ ಹೋಗೋ ಗಾಡಿ. ಅಜ್ಜ ಇದನ್ನ ಹನ್ನೆರಡು ವರ್ಷ ಚಕ್ಕಡಿ ಹೊಡದಂಗ ಹೊಡದಾನ. ಮೂರು ನಾಕು ಐದು, ಮೂರೂ ಗೇರು ಇನ್ನಾ ಕನ್ಯಾ ಅದಾವ, ಕೈನ ಹಚ್ಚಿಲ್ಲ!"

ಆಮೇಲೆ ಪರೀಕ್ಷೆ ನನ್ನದಾಯಿತು. ಅಜ್ಜ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಮಂಜಾದ ಕಣ್ಣನ್ನು ಕಿರಿದು ಮಾಡಿ ನೋಡಿದ.

"ನೆಳ್ಳಿಗೆ ಕಟ್ತೀಯೋ, ಬಿಸ್ಲಿಗೆ ಕಟ್ತೀಯೋ?"

"ನೆಳ್ಳಿಗ್ರಿ ಅಜ್ಜಾರ. ತಗಡಿನ ಶೆಡ್ ಹಾಕಸ್ತೀನಿ."

"ತಗಡು ಕಾಯ್ತೈತಿ. ಮ್ಯಾಲೆ ಜೋಳದ ಸೊಪ್ಪಿ ಹಾಕು. ಬಾಡಗಿಗೆ ಬಿಡ್ತೀಯೇನು?"

"ಇಲ್ರಿ."

"ಸೋಮಾರ ಹೂಡ್ತೀಯೇನು?"

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಇಡುವುದಿಲ್ಲ. ಆ ಬಿಡುವು ಕಾಂಟೆಸ್ಸಾಕ್ಕೂ ಸಿಗುತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಹೂಡುವುದಿಲ್ಲ ಎಂದು ಮಾತು ಕೊಟ್ಟೆ. ಅಷ್ಟು ಮುದ್ದಿನಿಂದ ಸಾಕಿದ್ದನ್ನು ಯಾಕೆ ಕೊಡುತ್ತೀರಿ ಎಂದು ಕೇಳದೆ ಇರಲಾಗಲಿಲ್ಲ. "ಶೇಂಗಾ ಬೆಳೀ ಚಲೋ ಬಂದಿತ್ತು ತಮ್ಮಾ, ಟ್ರ್ಯಾಕ್ಟರ್ ತರ್ತೀನಿ ಅಂತ ಬಳ್ಳಾರಿಗೆ ಹೋದಾಂವ ಇದರ ಮೂತಿ ನೋಡಿ ಮರುಳಾಗಿ ಇದನ್ನ ಹೊಡಕಂಡು ಬಂದೆ. ನನ್ನ ಹೆಣ್ತಿ ಆರು ತಿಂಗಳು ಮಾತಾಡ್ಲಿಲ್ಲ. ಈಗ ಕಣ್ಣು ಮಂಜಾಗ್ಯಾವ. ಮೊನ್ನೆ ಜಾಲಿ ಬೇಲೀನ ರಸ್ತಿ ಅಂತ ತಿಳದೆ. ಅದು ಪಾಪ, ಬೇಲಿ ಮುಂದ ತಾನಾಗೆ ನಿಂತು ನನ್ನ ಉಳಿಸ್ತು. ನಿಂತ ಎತ್ತು ಕೆಡ್ತೈತಿ ತಮ್ಮಾ. ಓಡಸಾವ್ರಿಗೆ ಕೊಡಬೇಕು." ನನ್ನಂಥ ಇನ್ನೊಬ್ಬ ಹುಚ್ಚನನ್ನು ನೋಡಿದ ಸಮಾಧಾನಕ್ಕೆ ನಾನು ಚೌಕಾಸಿ ಮಾಡುವುದನ್ನೇ ಮರೆತೆ. ಮಾತು ಮುಗಿಯಿತು, ಬರುವ ಶುಕ್ರವಾರ ಹೊಡೆದುಕೊಂಡು ಹೋಗುವುದು ಎಂದಾಯಿತು.

ಶುಕ್ರವಾರ ಹೊಸ ಅಂಗಿ ತೊಟ್ಟು, ಗಿರಿಜಾಳನ್ನೂ ಖಾಜಾಸಾಬನನ್ನೂ ಕರೆದುಕೊಂಡು ಹೋದೆ. ಕಾಗದಗಳಿಗೆ ಸಹಿಯಾಯಿತು, ಹಣ ಕೊಟ್ಟದ್ದಾಯಿತು. ಅಜ್ಜನ ಹೆಂಡತಿ ಕಾರಿನ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರಗಳಿಗೆ ನೀರು ಹಾಕಿ, ಗಾಲಿಯ ಮುಂದೆ ಒಂದು ಹೋಳಿಗೆಯನ್ನೂ ಇಟ್ಟಳು. ನಾನು ಒಳಗೆ ಕೂತೆ. ಹತ್ತು ವರ್ಷದ ಕನಸಿನ ಸೀಟು. ಸ್ಟೇರಿಂಗ್ ಹಿಡಿದೆ. ಚಾವಿ ತಿರುಗಿಸಲು ಕೈ ಚಾಚಿದರೆ, ಅಲ್ಲಿ ಚಾವಿ ಇರಲಿಲ್ಲ.

"ಅಜ್ಜಾರ, ಚಾವಿ?"

"ಯಾವ ಚಾವಿ?" ಎಂದ ಅಜ್ಜ. ಅವನ ಕೊರಳಲ್ಲಿ, ಎತ್ತಿನ ಕೊರಳ ದಾಬಿಗೆ ಹೆಣೆಯುವಂಥ ಬಿಗಿಯಾದ ನೂಲಿನ ಹಗ್ಗದ ತುದಿಗೆ ಅದು ತೂಗುತ್ತಿತ್ತು.

"ಅದೇ ರೀ, ನಿಮ್ಮ ಕೊಳ್ಳಾಗ ಐತಲ್ರಿ."

ಅಜ್ಜ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಹುಡುಗಿಯ ಜೊತೆ ಮನೆಯ ಹೊಸ್ತಿಲನ್ನೂ ಕೇಳಿದ ಬೀಗರನ್ನು ನೋಡಿದಂತೆ. "ಎತ್ತು ಕೊಡ್ತೀವಿ, ಹಗ್ಗ ಕೊಡಂಗಿಲ್ಲ. ಹಗ್ಗ ಕೊಟ್ರ ಕೊಟ್ಟಿಗಿ ಬರಿದಾಗ್ತೈತಿ. ಹೊಸ ಹಗ್ಗ ತಗಂಡಾವ್ರು ತರಬೇಕು. ನಿಮ್ಮ ಹಿರಿಯರು ಹೇಳಿಲ್ಲೇನು?"

ಹೇಳಿದ್ದರು. ಅದೇ ಸಂಕಟ. ನಮ್ಮ ತಾತ ಎತ್ತು ಮಾರಿದಾಗ ಹಗ್ಗ ಬಿಚ್ಚಿ ಇಟ್ಟುಕೊಂಡಿದ್ದ. ಅದು ನಮ್ಮ ಪಡಸಾಲೆಯ ಗೂಟದಲ್ಲಿ ವರ್ಷಗಟ್ಟಲೆ ತೂಗುತ್ತಿತ್ತು. "ಹಗ್ಗ ಇದ್ದ ಮನಿಗೆ ಎತ್ತು ಬರ್ತಾವ" ಎಂದು ಅಜ್ಜಿ ದಿನಾ ಅದನ್ನು ಮುಟ್ಟಿ ನಮಸ್ಕರಿಸುತ್ತಿದ್ದಳು. ಕೊನೆಗೆ ಹಗ್ಗ ಮುಪ್ಪಾಗಿ ಉದುರಿತು. ಆಮೇಲೆ ಆ ಗೂಟಕ್ಕೆ ನನ್ನ ಅಂಗಿ ನೇತುಹಾಕುತ್ತಿದ್ದೆ. ಹಿರಿಯರ ಮಾತು ಕಲಿತವನೆಂದು ಊರ ತುಂಬ ಹೇಳಿಕೊಂಡು ತಿರುಗುವವನು ನಾನು, ಈಗ ಆ ಮಾತನ್ನೇ ಹೇಗೆ ತಳ್ಳಿಹಾಕಲಿ? "ಇದು ಎತ್ತಲ್ಲ ಅಜ್ಜಾರ, ಕಾರು" ಎಂದು ಕ್ಷೀಣವಾಗಿ ಹೇಳಿನೋಡಿದೆ. ಸಹಾಯಕ್ಕೆಂದು ಗಿರಿಜಾಳ ಮುಖ ನೋಡಿದರೆ ಅವಳು, "ಅಜ್ಜಾರು ಹೇಳೂದು ಖರೆ ಐತಿ. ಬರಿಗೈಲೆ ಬಂದೀರಲ್ಲ, ಒಂದು ಚಾವಿ ಮಾಡಿಸ್ಕೊಂಡು ಬರಾಕ ಆಗಲಿಲ್ಲೇನು?" ಎಂದಳು. ಖಾಜಾಸಾಬ ತಲೆಯ ಮೇಲೆ ಕೈ ಹೊತ್ತು ಹೋಳಿಗೆಯ ಪಕ್ಕ ಕೂತ.

ಕಾರು ನನ್ನದು, ಚಾವಿ ಅಜ್ಜನದು. ಇನ್ನೊಂದು ಚಾವಿ ಮಾಡಿಸೋಣವೆಂದರೆ ಮಾಡುವವನು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿದ್ದಾನೆ. ಅಜ್ಜ ಚಾವಿಯನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ. ಕೊನೆಗೆ ಅವನೇ ತೀರ್ಪು ಕೊಟ್ಟ: "ಎತ್ತಿನ್ನ ಊರ ಅಗಸಿ ಬಾಗಲ ತನಕ ನಾವೇ ಹಗ್ಗ ಹಿಡದು ಕಳಸಿ ಬರೂದು ಪದ್ಧತಿ. ಹರಪನಹಳ್ಳಿನೇ ಅಗಸಿ ಅಂತ ತಿಳಕೋ. ನಾನೇ ಬರ್ತೀನಿ ನಡಿ."

ಹಾಗೆ ಹೊರಟೆವು. ಹಿಂದೆ ಗಿರಿಜಾ, ಖಾಜಾಸಾಬ. ಪಕ್ಕದಲ್ಲಿ ಅಜ್ಜ. ಹಗ್ಗದ ಒಂದು ತುದಿಯ ಚಾವಿ ಕಾರಿನಲ್ಲಿ, ಇನ್ನೊಂದು ತುದಿ ಅಜ್ಜನ ಮುಂಗೈಗೆ ಎರಡು ಸುತ್ತು. ಹಳ್ಳಿ ದಾಟುವವರೆಗೂ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಟಾರು ರಸ್ತೆ ಬಂತು. ಎರಡೂ ಕಡೆ ಜೋಳ ತೆನೆ ಹಿರಿದು ನಿಂತಿತ್ತು. ಗಾಳಿ ಬಂದಾಗ ಹೊಲವೆಲ್ಲ ಒಂದೇ ಥಾನಿನ ಬಟ್ಟೆ ಬಿಚ್ಚಿದಂತೆ ಹೊರಳುತ್ತಿತ್ತು. ಎದುರಿಗೆ ಉದ್ದನೆಯ ಬಿಳಿ ಮೂತಿ, ಅದರ ಮೇಲೆ ಮೋಡಗಳು ಹಿಂದಕ್ಕೆ ತೇಲಿ ಹೋಗುತ್ತಿದ್ದವು. ನಾನು ಕಾನಹೊಸಹಳ್ಳಿಯ ಆ ಮಧ್ಯಾಹ್ನದೊಳಗೆ, ಆ ಗಾಜಿನ ಒಳಗಡೆ ಕೂತಿದ್ದೆ. ನನಗೇ ಗೊತ್ತಿಲ್ಲದೆ ಕಾಲು ಒತ್ತಿತು. ಮೂರನೇ ಗೇರು, ನಾಲ್ಕು, ಐದು. ಕಾರು ಮೈಮುರಿದು ಎದ್ದಂತೆ, ಹನ್ನೆರಡು ವರ್ಷ ತಡೆಹಿಡಿದ ಉಸಿರನ್ನು ಬಿಟ್ಟಂತೆ ಹರಿಯತೊಡಗಿತು. ಮುಂದಿದ್ದ ಬಸ್ಸು ಹಿಂದಾಯಿತು. ಸಪ್ಪಳವಿಲ್ಲ.

ಅಜ್ಜನ ಬಾಯಿಂದ "ಸಾವಕಾಶ" ಬರಲಿಲ್ಲ. ಹೆದರಿ ಓರೆಗಣ್ಣಿನಿಂದ ನೋಡಿದೆ. ಮುಖಕ್ಕೆ ಗಾಳಿ ಒಡ್ಡಿ, ಕಣ್ಣು ಮುಚ್ಚಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿಗೆ ಪಟ್ಟನೆ ಒಂದು ಏಟು ಕೊಟ್ಟು, "ಎಲಾ ಕಳ್ಳ! ಇಷ್ಟು ಓಡ್ತಿದ್ದೇನಲೇ ನೀನು? ಹನ್ನೆರಡು ವರ್ಷ ಉಣಿಸಿದ ನನಗೊಂದು ಮಾತು ಹೇಳಲಿಲ್ಲಲ್ಲೋ!" ಎಂದ. ನಕ್ಕ. ನಗುತ್ತಲೇ ಕಂಬಳಿಯ ಚುಂಗಿನಿಂದ ಕಣ್ಣು ಒರೆಸಿಕೊಂಡ. ಗಾಳಿಗೆ ಇರಬೇಕು.

ಬಸ್‌ಸ್ಟ್ಯಾಂಡಿನ ದೊಡ್ಡ ಛತ್ರಿಯ ಕೆಳಗೆ ಚಾವಿ ಮಾಡುವವನು ಅರದಿಂದ ಉಜ್ಜುವಾಗಲೂ ಅಜ್ಜ ಹಗ್ಗ ಬಿಡಲಿಲ್ಲ. ಹೊಸ ಚಾವಿ ತಿರುಗಿ ಇಂಜಿನ್ ಗುಂಯ್ ಎಂದಮೇಲೆ, "ಹೊಸ ಹಗ್ಗ ಬಂತು. ಇನ್ನ ನಿನ್ನದು" ಎಂದು ಇಳಿದ. ಹಳೆಯ ಚಾವಿಯನ್ನು ಕೊರಳಿಗೆ ಹಾಕಿಕೊಂಡು, ಮೂತಿ ಒಮ್ಮೆ ಸವರಿ, ಹಿಂದಿರುಗಿ ನೋಡದೆ ತನ್ನೂರ ಬಸ್ಸು ಹತ್ತಿದ. ಕಾರಿನಲ್ಲೇ ಬಿಟ್ಟುಬರುತ್ತೇವೆಂದದ್ದಕ್ಕೆ, "ಮಾರಿದ ಎತ್ತಿನ ಗಾಡ್ಯಾಗ ವಾಪಸ್ ಹೋಗಬಾರದು" ಎಂದ.

ಕಾಂಟೆಸ್ಸಾ ಐದು ವರ್ಷ ನಮ್ಮ ಮನೆಯ ಮುಂದೆ ಸೊಪ್ಪೆ ಹೊದಿಸಿದ ತಗಡಿನ ಕೆಳಗೆ ಇತ್ತು. ಸೋಮವಾರ ಹೂಡಲಿಲ್ಲ. ವರ್ಷಕ್ಕೊಮ್ಮೆ ಅಜ್ಜ ಬಂದು, "ಮೇವು ಚಲೋ ತಿಂತೈತೇನು?" ಎಂದು ಮೈ ಸವರಿ ಹೋಗುತ್ತಿದ್ದ. ಗಿರಿಜಾ ಅದರ ಉದ್ದನೆಯ ಮೂತಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಎಂದೋ ಒಮ್ಮೆ ಪಕ್ಕದ ಉಜ್ಜಿನಿಗೆ ಹೋಗಿ ಬಂದರೆ ಹೆಚ್ಚು. ಮುನ್ನೂರು ಹೆಜ್ಜೆಯ ಮನುಷ್ಯ ಎಷ್ಟೆಂದು ಓಡಿಸುತ್ತಾನೆ? ನಿಂತ ಎತ್ತು ಕೆಡುತ್ತದೆ ಎಂಬ ಮಾತು ದಿನಾ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿತ್ತು. ಹಡಗಲಿಯ ಡಾಕ್ಟರೊಬ್ಬರು ಕೇಳಿಕೊಂಡು ಬಂದಾಗ ಒಪ್ಪಿದೆ. ವಯಸ್ಸು ಚಿಕ್ಕದು, ಕಣ್ಣಿನಲ್ಲಿ ಅದೇ ಹುಚ್ಚು. ಸಹಿ ಹಾಕಿದರು, ಒಳಗೆ ಕೂತರು, ಕೈ ಚಾಚಿದರು.

"ಚಾವಿ ಕೊಡ್ರಿ ಸಾವಕಾರ್ರ."

ಜೇಬಿನೊಳಗೆ ಚಾವಿ ನನ್ನ ಮುಷ್ಟಿಯಲ್ಲಿತ್ತು. ಕೈ ಹೊರಗೆ ಬರಲೊಲ್ಲದು. ಆಮೇಲೆ ನನ್ನ ಬಾಯಿ, ನನ್ನನ್ನು ಕೇಳದೆಯೇ, "ಹೊಸಾದು ತಂದಿಲ್ಲೇನು? ನಿಮ್ಮ ಹಿರಿಯರು ಹೇಳಿಲ್ಲೇನು?" ಎಂದಿತು.

ಹರಪನಹಳ್ಳಿಯವರೆಗೆ ಡಾಕ್ಟರ ಪಕ್ಕದಲ್ಲಿ ಕೂತು, ಮುಂಗೈಗೆ ದಾರ ಸುತ್ತಿಕೊಂಡು, ದಾರಿಯುದ್ದಕ್ಕೂ ಸಾವಕಾಶ, ಸಾವಕಾಶ ಎನ್ನುತ್ತ ಹೋದೆ. ಚಾವಿಯಾಯಿತು. ಬಸ್ಸು ಹತ್ತಿ ವಾಪಸ್ ಬಂದೆ. ಗಿರಿಜಾ ನನ್ನ ಕೈಯಲ್ಲಿದ್ದ ಚಾವಿಯನ್ನು ನೋಡಿದಳು, ಪಡಸಾಲೆಯ ಗೋಡೆಯನ್ನು ನೋಡಿದಳು. "ಎಲ್ಲಿ ನೇತುಹಾಕ್ತೀರಿ? ಇರೋದೊಂದೇ ಗೂಟ. ಅದರಾಗ ನಿಮ್ಮ ಅಂಗಿ ಐತಿ" ಎಂದಳು.

ನಾನು ಅಂಗಿ ತೆಗೆದು ಕೆಳಗಿಟ್ಟೆ.