ಮಾತಿಲ್ಲದವನ ನಾಲ್ಕು ಮೈಕು

ಈ ಸಲ ನಾನು ಮಾತಾಡಿಯೇ ತೀರುತ್ತೇನೆ ಎಂದು ತೀರ್ಮಾನ ಮಾಡಿದೆ. ಬರೀ ಬಾಯಲ್ಲಿ ಅಲ್ಲ, ಮೈಕಿನಲ್ಲಿ. ಒಂದು ಮೈಕಲ್ಲ, ನಾಲ್ಕು. ಅದೂ ವೈರಿಲ್ಲದ್ದು!

ಅದು ರೇಷ್ಮೆ ಗೂಡಿನ ರೇಟು ಕಬ್ಬಾಳು ಬೆಟ್ಟದ ತುದಿ ಮುಟ್ಟಿದ ವರ್ಷ. ರಾಮನಗರದ ಗೂಡು ಮಾರುಕಟ್ಟೆಗೆ ಹೋದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬ ಫ್ರಿಜ್ಜು ತಂದ, ಒಬ್ಬ ಬುಲೆಟ್ ಗಾಡಿ ತಂದ. ನಮ್ಮ ಬೀದಿಯವನೊಬ್ಬ ಸೋಫಾ ತಂದು, ಅದು ಬಾಗಿಲಲ್ಲಿ ಹಿಡಿಸದೆ, ಜಗಲಿ ಮೇಲಿಟ್ಟು ಸೊಪ್ಪಿನ ಹೊರೆ ಕೂರಿಸುತ್ತಿದ್ದ. ನಾನು ನಿಯಾಜನ ಸೌಂಡ್ ಅಂಗಡಿಯಿಂದ ನಾಲ್ಕು ಚಾನಲ್ಲಿನ ವೈರ್‌ಲೆಸ್ ಮೈಕ್ ಸೆಟ್ಟು ತಂದೆ.

ಹೆಂಡತಿ ವೆಂಕಟಲಕ್ಷ್ಮಮ್ಮ ಡಬ್ಬ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ವರ್ಷಕ್ಕೆ ನಾಲ್ಕ್ ಮಾತಾಡ್ತೀರಿ. ಒಂದೊಂದ್ಕೂ ಒಂದೊಂದು ಮೈಕಾ?"

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲ್ಲೂ ಮೇಷ್ಟ್ರು ಹಾಜರಿ ಕೂಗಿದಾಗ ಬಾಯಿ ಬಿಡದೆ, ಎದುರಿಗೇ ಕೂತಿದ್ದೂ ಆಬ್ಸೆಂಟ್ ಹಾಕಿಸಿಕೊಂಡು ಬಂದವನು.

ಆದರೆ ಈ ಸಲ ಮಾತಾಡದೆ ವಿಧಿಯಿರಲಿಲ್ಲ. ಮಗಳು ಹೇಮಾವತಿಗೆ ಗುಡೇಮಾರನಹಳ್ಳಿಯಿಂದ ಗಂಡು ಗೊತ್ತಾಗಿತ್ತು. ಹುಡುಗ ಒಳ್ಳೆಯವನು, ಅವಳಿಗೂ ಒಪ್ಪಿಗೆ. ತೊಡಕು ಒಂದೇ. ಹೇಮಾ ಚನ್ನಪಟ್ಟಣದಲ್ಲಿ ನರ್ಸಿಂಗ್ ಕೊನೆ ವರ್ಷ ಓದುತ್ತಿದ್ದಳು, ಪರೀಕ್ಷೆ ಉಗಾದಿ ಕಳೆದ ಮೇಲೆ. ಹುಡುಗನ ತಂದೆ ಬೋರಲಿಂಗಯ್ಯನವರಿಗೆ ಮದುವೆ ಮಾಘದಲ್ಲೇ ಆಗಬೇಕು. ನಮ್ಮ ಕಡೆ ಮದುವೆಗೆ ಪಂಚಾಂಗ ಒಪ್ಪಿದರೆ ಸಾಲದು, ರೇಷ್ಮೆ ಹುಳುವೂ ಒಪ್ಪಬೇಕು. ಅವರ ಮನೆಯಲ್ಲಿ ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಏಳುವ ನಡುವಿನ ಬಿಡುವು ಮಾಘಕ್ಕೆ ಬಿದ್ದಿತ್ತು.

ನಾನು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾಗ ಹೇಮಾ ಬಂದು ಪಕ್ಕ ನಿಂತಳು.

"ಅಪ್ಪಾ, ಪರೀಕ್ಷೆ ಆದ್ಮೇಲೆ ಮದ್ವೆ ಅಂತ ವೀಳ್ಯಶಾಸ್ತ್ರದ ದಿನ ನೀನೇ ಹೇಳು. ಅವ್ವ ಹೇಳಿದ್ರೆ ಜಗಳ ಆಯ್ತದೆ."

ತಲೆಯಾಡಿಸಿದೆ. ಆ ಕ್ಷಣದಿಂದ ಯೋಚನೆ ಹತ್ತಿತು. ಕೊನೆಗೆ ನನಗೆ ಹೊಳೆದದ್ದು ಇಷ್ಟು: ಕೊರತೆ ನನ್ನಲ್ಲಿಲ್ಲ, ನನ್ನ ದನಿಯಲ್ಲಿದೆ. ದನಿಗೆ ಆಸರೆ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಹಂದರ ಹಾಕಿದ ಹೀರೆ ಬಳ್ಳಿಯ ಹಾಗೆ!

ಮೈಕಿನ ನಂಬರಿಗೂ ರಿಸೀವರ್ ಪೆಟ್ಟಿಗೆಯ ಗುಂಡಿಗೂ ತಾಳೆಯಾದರೆ ಸಾಕು, ಮಿಕ್ಕಿದ್ದೆಲ್ಲ ಅದೇ ಮಾಡುತ್ತದೆ ಎಂದು ನಿಯಾಜ್ ಹೇಳಿಕೊಟ್ಟಿದ್ದ. ಎಡದಿಂದ ಬಲಕ್ಕೆ ಒಂದು, ಎರಡು, ಮೂರು, ನಾಲ್ಕು. ಒಂದನೆಯ ಮೈಕು ಪುರೋಹಿತರಿಗೆ, ಎರಡನೆಯದು ಬೋರಲಿಂಗಯ್ಯನವರಿಗೆ, ಮೂರನೆಯದು ಸೋಬಾನೆ ಹಾಡುವ ಹೆಂಗಸರಿಗೆ. ನಾಲ್ಕನೆಯದು ಕಾಲರಿಗೆ ಸಿಕ್ಕಿಸುವ ಪುಟ್ಟ ಮೈಕು, ಅದರ ಡಬ್ಬಿ ಸೊಂಟಕ್ಕೆ. ಅದು ನನ್ನದು.

ವೀಳ್ಯಶಾಸ್ತ್ರದ ಬೆಳಗ್ಗೆ ಪೆಟ್ಟಿಗೆಯ ಮುಖ ಬೀಗರಿಗೆ ಕಾಣಲಿ ಎಂದು ಚಪ್ಪರದ ಕಡೆ ತಿರುಗಿಸಿ, ಸದ್ದು ಬರುವ ಸ್ಪೀಕರ್ ಬಾಕ್ಸಿನ ಪಕ್ಕ ಇಟ್ಟೆ. ನಾನು ಅದರ ಹಿಂದೆ ನಿಂತು, ಮೇಲಿನಿಂದ ಬಗ್ಗಿ, ಗುಂಡಿಗಳಿಗೆ ಗುರುತಿನ ಟೇಪು ಅಂಟಿಸಿದೆ. ನನ್ನ ಎಡತುದಿಗೆ ಕೆಂಪು, ಅದು ಪುರೋಹಿತರದು. ಬಲತುದಿಗೆ ಹಸಿರು, ಅದು ನನ್ನದು. ಹಿಂದೆ ನಿಂತವನಿಗೆ ಎಡ ಬಲ ಅದಲುಬದಲಾಗುತ್ತದೆ ಎಂದು ನಾಲ್ಕನೇ ಕ್ಲಾಸಿನವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕೂ ಗುಂಡಿ ಅರ್ಧಕ್ಕಿಟ್ಟು ಪರೀಕ್ಷೆ ಮಾಡಿದೆ, ನಾಲ್ಕೂ ಮೈಕು ಮಾತಾಡಿದವು. ಇಂಜಿನಿಯರ್ ಆಗಬೇಕಿದ್ದವನು ಎಂದು ಮೀಸೆ ತಿರುವಿದೆ.

ಬೀಗರು ಬಂದರು. ಬೋರಲಿಂಗಯ್ಯನವರು ಕಾಲು ತೊಳೆಯುತ್ತಲೇ ಬೆಳೆ ಹೇಗಿದೆ ಎಂದು ಕೇಳಿದರು. ಒಸಿ ಹಾಲುತೊಂಡೆ ರೋಗ ಬಿದ್ದಿದೆ ಎಂದೆ. ತಮ್ಮ ಮನೆಯಲ್ಲೂ ಸಪ್ಪೆ ರೋಗ ಎಂದು ಅವರೂ ನಿಟ್ಟುಸಿರಿಟ್ಟರು. ಬೆಳೆ ಚೆನ್ನಾಗಿದೆ ಎಂದು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ, ದೃಷ್ಟಿಯಾಗುತ್ತದೆ. ಹಿತ್ತಲಾಚೆಯ ಹುಳು ಮನೆಯಲ್ಲಿ ನನ್ನ ಹುಳುಗಳು ಬೆರಳು ಗಾತ್ರ ಬೆಳೆದು, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆ ಏರುವಂತಿದ್ದವು.

ಬೋರಲಿಂಗಯ್ಯನವರ ಕೈಗೆ ಮೈಕು ಕೊಟ್ಟೆ. ಆಮೇಲೆ ಅದು ವಾಪಸು ಬರಲಿಲ್ಲ. ಅವರ ಬೋರ್‌ವೆಲ್ಲಿಗೆ ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟು ಅಡಿಗೆ ಧೂಳು ಬಂತು, ಎಷ್ಟು ಅಡಿಗೆ ನೀರು ಚಿಮ್ಮಿತು, ಎಲ್ಲ ಹೇಳಿದರು. ಅವರ ಹೆಂಡತಿ ಬೋರಮ್ಮ ಎರಡು ಸಲ ಟವೆಲ್ಲು ಜಗ್ಗಿದ ಮೇಲೆ ವಿಷಯಕ್ಕೆ ಬಂದರು.

"ಮಾಘದಲ್ಲಿ ಮಾಡ್ಬುಡಾನ. ಏನಂತೀರಿ ಬೀಗ್ರೇ?"

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ಸಂದಿಯಿಂದ ಹೇಮಾ ನೋಡುತ್ತಿದ್ದಳು. ನಾನು ಎದ್ದು ನಿಂತೆ. ಉಗುಳು ನುಂಗಿದೆ. ಗುಟುಕ್ ಎಂದು ಅದು ಬೀದಿಗೆಲ್ಲ ಕೇಳಿಸಿತು! ಬಾಯಿ ತೆರೆದೆ.

"ಎಲ್ರೂ ಊಟ ಮಾಡ್ಕೊಂಡೇ ಹೋಗ್ಬೇಕು."

ಅಷ್ಟೇ ಬಂದದ್ದು. ಹೇಮಾ ಒಳಗೆ ಹೋದಳು.

ಅದನ್ನೇ ಒಪ್ಪಿಗೆ ಎಂದುಕೊಂಡು ಪುರೋಹಿತರು ಮಂತ್ರ ಶುರುಮಾಡಿದರು. ಹುಳಕ್ಕೆ ಸೊಪ್ಪಿನ ಹೊತ್ತಾಯಿತು ಎಂದು ಗೊಣಗಿ ಹೊರಟೆ. ಹೋಗುವ ಮುಂಚೆ, ಜವಾಬ್ದಾರಿ ಮನುಷ್ಯನಲ್ಲವೇ, ನನ್ನ ಮೈಕು ಆರಿಸೋಣವೆಂದು ಹಸಿರು ಗುಂಡಿ ಪೂರ್ತಿ ಇಳಿಸಿದೆ. ತಕ್ಷಣ ಪುರೋಹಿತರ ಮಂತ್ರ ನಿಂತುಹೋಯಿತು. ತುಟಿ ಆಡುತ್ತಿದೆ, ದನಿಯಿಲ್ಲ. ಅವರಿಗೆ ಸಹಾಯವಾಗಲೆಂದು ಕೆಂಪು ಗುಂಡಿ ಕೊನೆಮುಟ್ಟ ಏರಿಸಿದೆ. ಬಾಕ್ಸು ಕುಂಯ್ಯೆಂದಿತು, ಮಂತ್ರ ಬರಲಿಲ್ಲ. ಬರಿಬಾಯಲ್ಲೇ ಹೇಳಿ ಸ್ವಾಮಿ ಎಂದು ಕೈಸನ್ನೆ ಮಾಡಿ ದೂರ ಸರಿದೆ. ನಾನು ಸರಿದಂತೆ ಕುಂಯ್ ನಿಂತಿತು. ಅಬ್ಬ, ಎಲ್ಲ ಸರಿಹೋಯಿತು ಎಂದುಕೊಂಡೆ.

ಹುಳು ಮನೆಯ ಬಾಗಿಲು ಮುಚ್ಚಿಕೊಂಡು ಸೊಪ್ಪು ಹಾಸಿದೆ. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಥೇಟ್ ಸೋನೆ ಮಳೆ. ಇಲ್ಲಿ ಒಂದು ಗುಟ್ಟು ಹೇಳಬೇಕು. ಮನುಷ್ಯರ ಮುಂದೆ ಬಾರದ ಮಾತು ನನಗೆ ಹುಳುಗಳ ಮುಂದೆ ಬರುತ್ತದೆ. ಅವು ತಲೆಯೆತ್ತಿ ಮುಖ ನೋಡುವುದಿಲ್ಲ, ಅದಕ್ಕೇ ಇರಬೇಕು.

"ಉಣ್ರಪ್ಪಾ. ನಿಮ್ಗೆ ಹಾಲುತೊಂಡೆ ಅಂತ ಸುಳ್ಳೇಳ್ಬುಟ್ಟೆ, ಬೇಜಾರ್ ಮಾಡ್ಕೋಬೇಡಿ. ಇಂಥ ಬೆಳೆ ಏಳು ವರ್ಷದಿಂದ ಕಂಡಿಲ್ಲ ನಾನು. ಆ ಬೋರಲಿಂಗಯ್ಯ ಒಳ್ಳೆ ಮನ್ಸ. ಆದ್ರೆ ನೀರು ಸಿಕ್ಕಿ ಹತ್ತು ವರ್ಷ ಆದ್ರೂ ಇನ್ನೂ ಬೋರ್‌ವೆಲ್ ಕೊರೀತಾನೇ ಅವ್ರೆ."

ದೂರದಲ್ಲಿ ಚಪ್ಪರದ ಕಡೆಯಿಂದ ಯಾರೋ ಮೈಕಿನಲ್ಲಿ ಮಾತಾಡುತ್ತಿರುವುದು ಮಸುಕಾಗಿ ಕೇಳಿಸಿತು.

"ನೋಡ್ರಪ್ಪಾ, ಇನ್ನೂ ಯಾವನೋ ಮಾತಾಡ್ತಾವ್ನೆ. ದನಿ ಒಡಕ್ ತಪ್ಲೆ ಬಡ್ದಂಗೈತೆ. ಮೈಕ್ ಕಿತ್ಕೊಳೋರು ಯಾರೂ ಇಲ್ವಾ ಅಲ್ಲಿ?"

ಇನ್ನೊಂದು ಹೊರೆ ಬಿಚ್ಚಿದೆ. ಕೈ ನಿಧಾನವಾಯಿತು.

"ಹೇಮಾ ಒಂದೇ ಒಂದ್ ಮಾತು ಕೇಳಿತ್ತು. ಪರೀಕ್ಷೆ ಬರ್ದು ಹೋಯ್ತೀನಿ ಕಣಪ್ಪಾ ಅಂತ. ಮಗಾ ಬೆಳಗಿನ್ ಜಾವ ಎದ್ದು ನಿಮ್ಗೆ ಸೊಪ್ಪಾಕಿ ಆಮೇಲೆ ಬಸ್ಸಿಗೋಡ್ತಿತ್ತು. ನಿಮ್ಗೆ ವಾಸ್ನೆ ಆಗಾಕಿಲ್ಲ ಅಂತ ಇಷ್ಟ್ ವರ್ಷ ತಲೆಗೆ ಮಲ್ಲಿಗೆ ಮುಡೀಲಿಲ್ಲ. ಇವತ್ತೇ ಮುಡ್ದಿರೋದು. ಮೂರು ತಿಂಗ್ಳು ತಡೀರಿ ಬೀಗ್ರೇ ಅನ್ನಕ್ಕೆ ನನ್ಗೇನಾಗಿತ್ರಪ್ಪಾ? ನಾಲ್ಕ್ ಮೈಕ್ ತಂದೂ ಆ ಮಗೀಗೆ ಒಂದ್ ಮಾತು ಕೊಡಕ್ಕಾಗ್ಲಿಲ್ವಲ್ಲ."

ಅದು ನನ್ನ ಆಯುಸ್ಸಿನಲ್ಲೇ ಉದ್ದದ ಭಾಷಣ. ಕಣ್ಣೊರೆಸಿಕೊಂಡು, ಚಿಲಕ ಹಾಕಿ, ಏನೂ ಆಗದವನಂತೆ ಚಪ್ಪರಕ್ಕೆ ಬಂದೆ.

ಚಪ್ಪರದಲ್ಲಿ ಉಸಿರಿಲ್ಲ. ಪುರೋಹಿತರ ಕೈಯಲ್ಲಿ ವೀಳ್ಯದೆಲೆ ಹಾಗೇ ನಿಂತಿತ್ತು. ಬೋರಲಿಂಗಯ್ಯನವರು, ಆ ಬೋರಲಿಂಗಯ್ಯನವರು, ಸುಮ್ಮನಿದ್ದರು! ಯಾರಿಗೋ ಏನೋ ಆಗಿದೆ ಎಂದು ಮೆಲ್ಲಗೆ ಕುರ್ಚಿಯಲ್ಲಿ ಕೂತೆ. ಕುರ್ಚಿ ಕಿರ್ರೆಂದದ್ದು ಬಾಕ್ಸಿನಿಂದ ಎತ್ತಿನಗಾಡಿಯ ಹಾಗೆ ಬಂತು. ಸೊಂಟ ನೋಡಿಕೊಂಡೆ. ಡಬ್ಬಿಯ ದೀಪ ಹಸಿರಾಗಿ ಉರಿಯುತ್ತಿತ್ತು.

ಭೂಮಿಯಾದರೂ ಬಾಯಿ ಬಿಡಲಿ ಎಂದು ಕಾದೆ. ಬಿಡಲಿಲ್ಲ. ಅದೂ ನನ್ನ ಹಾಗೆಯೇ.

ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಮೊದಲು ಬಾಕ್ಸಿನಲ್ಲಿ ಮಳೆ ಸುರಿಯಿತಂತೆ. ಅರ್ಧ ಚಪ್ಪರ ಎದ್ದು ಚಪ್ಪಲಿ ಒಳಗಿಡಲು ಓಡಿತಂತೆ. ಆಮೇಲೆ ನಾನು ಶುರುವಾದೆನಂತೆ. ಹೇಮಾ ನನ್ನನ್ನು ತಡೆಯಲು ಹೊರಟಾಗ ಇವಳೇ ಕೈ ಹಿಡಿದು ಕೂರಿಸಿದಳಂತೆ: "ಇರವ್ವ. ಮದ್ವೆಯಾದ ಇಪ್ಪತ್ನಾಲ್ಕು ವರ್ಷಕ್ಕೆ ಬಾಯ್ ಬುಟ್ಟವ್ರೆ, ಪೂರ್ತಿ ಕೇಳಾನ."

ಚಪ್ಪರದಲ್ಲಿ ಮೊದಲು ಮಾತಾಡಿದವರು ಬೋರಮ್ಮ. ಅವರಿಗೆ ಮೈಕು ಬೇಕಾಗಲಿಲ್ಲ.

"ಹುಳ ಕಾಯಾಕಿಲ್ಲ, ನಾವ್ ಕಾಯ್ಬೋದು. ಹೆಣ್ಮಗ ಪರೀಕ್ಷೆ ಬರ್ಕೊಂಡೇ ಬರ್ಲಿ."

ಬೋರಲಿಂಗಯ್ಯನವರು ಗಂಟಲು ಸರಿಮಾಡಿಕೊಂಡು, ಬೋರ್‌ವೆಲ್ ಸುದ್ದಿ ಇವತ್ತಿಗೆ ಮುಚ್ಚಿದೆ ಎಂದರು. ತಮ್ಮ ಮನೆಯ ಸಪ್ಪೆ ರೋಗವೂ ಸುಳ್ಳೇ ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಆದ್ರೆ ಬೀಗ್ರೇ, ಒಡಕ್ ತಪ್ಲೆ ಅಂದ್ರಲ್ಲ, ಆಗ ಮೈಕಲ್ಲಿ ಮಾತಾಡ್ತಿದ್ದೋರು ನೀವೇಯ."

ಊಟದ ಪಂಕ್ತಿ ಮುಗಿಯುವವರೆಗೂ ಆ ನಗು ನಿಲ್ಲಲಿಲ್ಲ. ನನಗೆ ಹೋಳಿಗೆ ಬಡಿಸಲು ಬಂದ ಹೇಮಾ ಎರಡರ ಜಾಗಕ್ಕೆ ನಾಲ್ಕು ಹಾಕಿ, ಏನೂ ಹೇಳದೆ ಹೋದಳು. ನನ್ನ ಮಗಳಲ್ಲವೇ.

ಹೇಮಾ ಪರೀಕ್ಷೆ ಬರೆದಳು. ಮೂರು ಮೈಕು ಅಟ್ಟ ಸೇರಿದವು. ನಾಲ್ಕನೆಯದನ್ನು ಹೆಂಡತಿ ತಾನೇ ಹುಳು ಮನೆಯ ಕಂಬಕ್ಕೆ ಕಟ್ಟಿದಳು. ಪೆಟ್ಟಿಗೆ, ಬಾಕ್ಸು ಎರಡೂ ಅಡುಗೆಮನೆಯ ಗೂಡಿನಲ್ಲಿವೆ, ಸಾಸಿವೆ ಡಬ್ಬಿ ಪಕ್ಕ. ಹುಳ ಚೆನ್ನಾಗಿ ಮೇಯ್ತಾವಾ ಇಲ್ವಾ ಕೇಳಕ್ಕೆ ಅಂದಳು. ನಾನು ನಂಬಿದೆ.

ಮೊನ್ನೆ ಸೊಪ್ಪು ಹಾಕುತ್ತಾ, ಮಧ್ಯಾಹ್ನದ ಸಾರಿಗೆ ಉಪ್ಪು ಒಸಿ ಜಾಸ್ತಿಯಾಗಿತ್ತು ಎಂದು ಹುಳುಗಳ ಹತ್ತಿರ ಹೇಳಿಕೊಂಡೆ. ಅವತ್ತು ಸಂಜೆ ಮುದ್ದೆ ಮುರಿದು ಸಾರಿಗೆ ಅದ್ದಿದರೆ, ಉಪ್ಪೇ ಇಲ್ಲ. ತಲೆಯೆತ್ತಿ ಅವಳ ಮುಖ ನೋಡಿದೆ.

"ಏನಾರ ಹೇಳೋದಿದ್ರೆ," ಎಂದಳು, "ಹುಳದ್ ಮನೆಗೋಗಿ ಹೇಳಿ."