ಕಮಲಾಕರನ ಹತ್ತು ನಿಮಿಷ

ಹೊನ್ನಾವರದ ವಾದ್ಯವೃಂದದ ಹತ್ತನೆಯ ವಾರ್ಷಿಕೋತ್ಸವದ ಕರಪತ್ರದಲ್ಲಿ ಸನ್ಮಾನಕ್ಕೆ ಒಂದೇ ಹೆಸರು ಹಾಕಿಸಿದ್ದು ಕಾರ್ಯದರ್ಶಿ ಕಮಲಾಕರ ಮಾಡಿದ ತಪ್ಪು. ಅಭ್ಯಾಸಕ್ಕೆಂದು ಹತ್ತು ವರ್ಷ ತಮ್ಮ ಅಡಿಕೆ ವಖಾರಿ ಬಿಟ್ಟುಕೊಟ್ಟ ಮಹಾಗಣಪತಿ ಹೆಗಡೆಯವರಿಗೆ ಶಾಲು, ತೆಂಗಿನಕಾಯಿ. ಆಮೇಲೆ ಹತ್ತು ನಿಮಿಷ ತನ್ನ ಪಿಟೀಲು. ಇಷ್ಟೇ ಅವನ ಯೋಚನೆ.

ಒಂಬತ್ತು ವರ್ಷವೂ ಅವನ ಪಿಟೀಲು ಕಾರ್ಯಕ್ರಮದ ಕಡೆಯಲ್ಲಿತ್ತು. ಒಂಬತ್ತು ವರ್ಷವೂ ಭಾಷಣಗಳು ಅದನ್ನು ನುಂಗಿದ್ದವು. ಹೊಳೆಯಾಚೆಯವರು ಆರೂವರೆಯ ಕಡೆಯ ಲಾಂಚು ಹಿಡಿಯಬೇಕು. ಅವರೆದ್ದರೆ ಸಭೆಯೇ ಎದ್ದಂತೆ.

ಉತ್ಸವದ ದಿನ, ಭಾನುವಾರ ಬೆಳಿಗ್ಗೆ, ದೋಸೆ ಹಾಕುತ್ತ ಹೆಂಡತಿ ಶ್ರೀಮತಿ, "ಈ ಸಲ ಆನೂ ಬತ್ತೆ. ನಿಂಗ ಒಬ್ರೇ ಕೂತು ಬಾರ್ಸದು ನೋಡವು" ಎಂದಳು. ಸಂತೋಷಕ್ಕೆ ಕಮಲಾಕರನಿಗೆ ಎರಡನೆಯ ದೋಸೆ ಸೇರಲಿಲ್ಲ.

ಪೇಟೆಗೆ ಇಳಿದದ್ದೇ ತಡ, ಚಹಾದಂಗಡಿಯ ದೇವಪ್ಪ ಕರಪತ್ರ ಹಿಡಿದು ನಿಂತಿದ್ದ.

"ಹೆಗಡೇರು ವಖಾರಿ ಕೊಟ್ರು, ಆತು. ಹತ್ತು ವರ್ಷ ನೀವು ಕೂತಿದ್ದು ಯಾರ ಬೆಂಚಿನ ಮೇಲೆ?"

ದೇವಪ್ಪನ ಹೆಸರು ಸೇರಿತು. ಸುದ್ದಿ ಕಮಲಾಕರನಿಗಿಂತ ಮುಂದೆ ಓಡಿತು. ಮಾಲೆ ಕಟ್ಟಿಕೊಡುವ ದುರ್ಗಮ್ಮ ಅವನನ್ನು ಕಂಡು ಮುಖ ತಿರುಗಿಸಿದಳು, ಅವಳನ್ನೂ ಸೇರಿಸಿದ. ಪರದೆಯ ಬಟ್ಟೆ ಕೊಟ್ಟ ಭಟ್ಕಳದ ಸಾಹೇಬರು ಬಂದರು, ಅದನ್ನು ಹೊಲಿದ ದರ್ಜಿಯೂ ಬಂದ. ವಖಾರಿಯ ಪಕ್ಕದ ಮನೆಯ ಮಾಬ್ಲನಂತೂ, ತಾನು ಕೊಟ್ಟದ್ದು ಏನೂ ಇಲ್ಲ, ಆದರೆ ಹತ್ತು ವರ್ಷ ಇವರ ಕ್ಲಾರಿಯೋನೆಟ್ ಕೇಳಿಯೂ ಒಂದು ದಿನ ಜಗಳಕ್ಕೆ ಬಂದಿಲ್ಲ ಎಂದ. ಯೋಚಿಸಿದರೆ ಅದೇ ಎಲ್ಲಕ್ಕಿಂತ ದೊಡ್ಡ ಉಪಕಾರ. ಮಧ್ಯಾಹ್ನಕ್ಕೆ ಒಂಬತ್ತು ಮಂದಿಯಾದರು.

ಸಂಜೆ, ಒಬ್ಬೊಬ್ಬರ ಮಾತು ಒಂದೇ ನಿಮಿಷ ಎಂದು ಕಮಲಾಕರ ಕೈಮುಗಿದ. ಎಲ್ಲರೂ ಮನಸಾರೆ ಒಪ್ಪಿದರು. ಆದರೆ ಜನ್ಮದಲ್ಲಿ ಮೊದಲ ಸಲ ವೇದಿಕೆ ಹತ್ತಿದವರು ಇಳಿಯುವುದು ಅಷ್ಟು ಸುಲಭವೇ? ಮಾಬ್ಲ ಕ್ಲಾರಿಯೋನೆಟ್ಟಿನ ಕಾಟವನ್ನು ವರ್ಷವಾರು ವಿವರಿಸಿದ. ದುರ್ಗಮ್ಮ ಮೈಕು ಹಿಡಿದು ಅತ್ತುಬಿಟ್ಟಳು. ಬೇಗ ಮುಗಿಸು ಎಂದು ಅವಳಿಗೆ ಹೇಳುವುದು ಹೇಗೆ? ಕಮಲಾಕರನೇ ಕಣ್ಣೊರೆಸಿಕೊಂಡ.

ಅಂತೂ ಕಡೆಯ ತೆಂಗಿನಕಾಯಿ ಕೊಟ್ಟಾಗ ಗಂಟೆ ಆರೂಕಾಲು. ಹತ್ತು ನಿಮಿಷಕ್ಕೆ ಅಡ್ಡಿಯಿಲ್ಲ. ಅವನು ಪಿಟೀಲು ಎತ್ತಿ ಶ್ರುತಿ ಮಾಡಿದ. ಮುಂದಿನ ಸಾಲಿನಲ್ಲಿ ಶ್ರೀಮತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕಮಲಾಕರ ಕಮಾನು ಎತ್ತಿದ.

"ನಿಲ್ಲು ತಮಾ," ಹೆಗಡೆಯವರು ಎದ್ದರು. "ನಮ್ಮೆಲ್ಲರ ಹೆಸರು ಬಂತು, ನಿನ್ನ ಹೆಸರೇ ಇಲ್ಲೆ. ಒಂಬತ್ತು ವರ್ಷ ತನ್ನ ಪಾಳಿನೇ ಬಿಟ್ಟುಕೊಟ್ಟವ ನೀನು. ನಿನ್ನಷ್ಟು ದೊಡ್ಡ ಪೋಷಕ ಬೇರೆ ಯಾರಿದ್ದ?"

ಚಪ್ಪಾಳೆಯಲ್ಲಿ ಕಮಲಾಕರನ ಮಾತು ಯಾರಿಗೂ ಕೇಳಲಿಲ್ಲ. ಪಿಟೀಲನ್ನು ದರ್ಜಿ ಮೆಲ್ಲಗೆ ತೆಗೆದಿಟ್ಟ. ದುರ್ಗಮ್ಮ ಮಾಲೆ ಹಾಕಿದಳು. ಆಮೇಲೆ ಒಂಬತ್ತು ಮಂದಿಯೂ ಸರದಿಯಲ್ಲಿ ಎದ್ದು ಅವನ ಪಿಟೀಲನ್ನು ಕೊಂಡಾಡಿದರು. ಅಂಥ ಕೈ ಜಿಲ್ಲೆಯಲ್ಲೇ ಇಲ್ಲವೆಂದು ದೇವಪ್ಪ ಸಾರುತ್ತಿರುವಾಗ ಲಾಂಚು ಕೂಗಿತು. ಹೊಳೆಯಾಚೆಯವರು ಒಬ್ಬೊಬ್ಬರಾಗಿ ಅವನ ಕೈಹಿಡಿದು, ಮುಂದಿನ ವರ್ಷ ಖಂಡಿತ ಕೇಳುತ್ತೇವೆಂದು ಹೇಳಿ ಓಡಿದರು.

ಮನೆಯ ದಾರಿಯಲ್ಲಿ ಕಮಲಾಕರ ಪಿಟೀಲಿನ ಪೆಟ್ಟಿಗೆ ಹಿಡಿದು ಮುಂದೆ ಮುಂದೆ ನಡೆದ. ಅತ್ತು ಕೆಂಪಾಗಿದ್ದ ಕಣ್ಣು ಒರೆಸಿಕೊಂಡು ಶ್ರೀಮತಿ ಹೇಳಿದಳು:

"ಬೇಜಾರು ಮಾಡ್ಕ್ಯಳಡಿ. ಅಷ್ಟೆಲ್ಲ ಹೊಗಳಿಕೆ ಕೇಳಿದ್ಮೇಲೆ, ನಿಂಗ ಬಾರ್ಸದೆ ಇದ್ದಿದ್ದೇ ಚೊಲೋ ಆತು."